ಎರಡೂ ಗೊತ್ತು, ಜೋಡಿ ಗೊತ್ತಿಲ್ಲ

ವಾಹನದ ನೋಂದಣಿ ಸಂಖ್ಯೆ ಮತ್ತು ಅದರ ಊರು: ಕೆಳಗಿನ ನಾಲ್ಕರಲ್ಲಿ ತಪ್ಪಾದ ಜೋಡಿ ಯಾವುದು? ಕೆಎಲ್-13 – ಕಣ್ಣೂರು. ಕೆಎಲ್-60 – ಕಾಞಂಗಾಡು. ಕೆಎಲ್-59 – ವೆಳ್ಳರಿಕುಂಡು. ಕೆಎ-21 – ಪುತ್ತೂರು.

ಉಪ್ಪಳ, ಕುಂಬಳೆ, ಕಾಸರಗೋಡು ಎಂದು ಹೆದ್ದಾರಿಯಲ್ಲಿ ದಿನಾ ಓಡಾಡುವವರಿಗೆ ಈ ನಾಲ್ಕು ಸಂಖ್ಯೆಗಳೂ ಕಣ್ಣಿಗೆ ಬಿದ್ದೇ ಇರುತ್ತವೆ, ನಾಲ್ಕು ಊರುಗಳ ಹೆಸರೂ ಕಿವಿಗೆ ಬಿದ್ದಿರುತ್ತದೆ. ಎಂಟರಲ್ಲಿ ಹೊಸದು ಯಾವುದೂ ಇಲ್ಲ. ಆದರೂ ಮೂರನೆಯ ಜೋಡಿಯ ಹತ್ತಿರ ಬಂದಾಗ ‘ಸರಿ ಇರಬೇಕು’ ಎಂದು ಮನಸ್ಸು ಮುಂದಕ್ಕೆ ಹೋಗಿಬಿಡುತ್ತದೆ. ತಪ್ಪಿರುವುದು ಅಲ್ಲೇ. ಕೆಎಲ್-59 ತಳಿಪರಂಬದ್ದು, ವೆಳ್ಳರಿಕುಂಡಿನದ್ದು ಕೆಎಲ್-79.

ಪಿಎಸ್‌ಸಿ ಪರೀಕ್ಷೆಗೆ ಓದುವವರು ಇಂಥ ಪ್ರಶ್ನೆಗೆ ಸೋತರೆ ‘ಓದಿದ್ದೆ, ಮರೆತುಹೋಯಿತು’ ಎನ್ನುತ್ತಾರೆ. ಮರೆತದ್ದು ಏನು ಎಂದು ಸ್ವಲ್ಪ ಬಿಡಿಸಿ ನೋಡಬೇಕು. ಸಂಖ್ಯೆ ಮರೆತಿಲ್ಲ, ಊರೂ ಮರೆತಿಲ್ಲ. ಇಲ್ಲದೆ ಹೋದದ್ದು ಅವೆರಡರ ನಡುವಿನ ಕೊಂಡಿ ಮಾತ್ರ. ಬಿಡಿ ವಸ್ತುವನ್ನು ಗುರುತಿಸುವುದು ಒಂದು ಕೆಲಸ, ಇದರ ಜೊತೆಗೆ ಅದೇ ಇತ್ತು ಎಂದು ಗುರುತಿಸುವುದು ಬೇರೆಯೇ ಕೆಲಸ. ಮೊದಲನೆಯದು ಚೆನ್ನಾಗಿ ಬಂತೆಂದ ಮಾತ್ರಕ್ಕೆ ಎರಡನೆಯದೂ ಬಂತು ಎಂದುಕೊಳ್ಳುವುದರಿಂದಲೇ ಓದಿನ ಹೆಚ್ಚಿನ ಶ್ರಮ ವ್ಯರ್ಥವಾಗುತ್ತದೆ.

ಪ್ರಯೋಗಶಾಲೆಯಲ್ಲಿ ಇದನ್ನು ಅಳೆಯುವ ಕ್ರಮ ಬಹಳ ಸರಳ. ಒಂದಕ್ಕೊಂದು ಸಂಬಂಧವಿಲ್ಲದ ಪದಗಳನ್ನು ಜೋಡಿಜೋಡಿಯಾಗಿ ತೋರಿಸುತ್ತಾರೆ: ಹಲಸು–ಬೀಗ, ದೋಣಿ–ಕನ್ನಡಿ, ಅಡಿಕೆ–ಗಂಟೆ, ಹೀಗೆ ಇಪ್ಪತ್ತೋ ಮೂವತ್ತೋ. ಆಮೇಲೆ ಪರೀಕ್ಷೆ. ಅದರಲ್ಲಿ ಮೂರು ಬಗೆಯ ಜೋಡಿಗಳಿರುತ್ತವೆ. ಹಲಸು–ಬೀಗ ಮೊದಲು ಇದ್ದ ಹಾಗೆಯೇ ಇದೆ. ಕೊಡೆ–ಮಣೆ ಪೂರಾ ಹೊಸದು. ದೋಣಿ–ಗಂಟೆ ಅದಲುಬದಲು ಮಾಡಿದ್ದು, ಅಂದರೆ ಎರಡೂ ಪದ ಹಳೆಯವು, ಜೋಡಿ ಮಾತ್ರ ಸುಳ್ಳು. ಹೊಸ ಜೋಡಿಯನ್ನು ಯಾರಾದರೂ ತಳ್ಳಿಹಾಕುತ್ತಾರೆ, ‘ಈ ಪದಗಳನ್ನು ನೋಡಿಯೇ ಇಲ್ಲ’ ಎಂದರೆ ಮುಗಿಯಿತು. ನಿಜವಾದ ಪರೀಕ್ಷೆ ದೋಣಿ–ಗಂಟೆಯಲ್ಲಿದೆ. ಅದನ್ನು ತಳ್ಳಬೇಕಾದರೆ ದೋಣಿಯ ಜೊತೆ ಏನಿತ್ತು ಎಂಬುದು ನೆನಪಿಗೆ ಬರಲೇಬೇಕು.

ನೆನಪನ್ನು ಪ್ರಯೋಗದಿಂದ ಅಳೆಯಬಹುದು ಎಂದು ತೋರಿಸಿದವರು ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್, 1885ರಲ್ಲಿ. ಅವರು ಕಲಿತದ್ದು ಅರ್ಥವಿಲ್ಲದ ಉಚ್ಚಾರಗಳ ಉದ್ದನೆಯ ಪಟ್ಟಿಗಳನ್ನು, ಅದೂ ಕ್ರಮವಾಗಿ. ಜೋಡಿಯ ವಿಧಾನ ಬಂದದ್ದು ಅಮೆರಿಕದ ಮೇರಿ ವಿಟನ್ ಕಾಲ್ಕಿನ್ಸ್ ಅವರಿಂದ, 1890ರ ದಶಕದಲ್ಲಿ. ಅವರು ಒಂದು ಬಣ್ಣ, ಅದರ ಬೆನ್ನಿಗೇ ಒಂದು ಅಂಕಿ ತೋರಿಸುತ್ತಿದ್ದರು. ಕೊನೆಗೆ ಬಣ್ಣ ಮಾತ್ರ ತೋರಿಸಿ ಅಂಕಿ ಕೇಳುತ್ತಿದ್ದರು. ಜೋಡಿ ಎಷ್ಟು ಸಲ ಬಂತು, ಎಷ್ಟು ಎದ್ದುಕಾಣುವಂತಿತ್ತು, ಮೊದಲು ಬಂತೋ ಕೊನೆಗೆ ಬಂತೋ ಎಂಬುದನ್ನೆಲ್ಲ ಹೋಲಿಸಿದಾಗ, ಎಷ್ಟು ಸಲ ಬಂತು ಎಂಬುದೇ ಎಲ್ಲಕ್ಕಿಂತ ಹೆಚ್ಚು ತೂಕದ್ದು ಎಂದು ಕಂಡಿತು. ಹೆಣ್ಣು ಎಂಬ ಕಾರಣಕ್ಕೆ ಹಾರ್ವರ್ಡ್ ಅವರಿಗೆ ಪಿಎಚ್‌ಡಿ ಕೊಡಲಿಲ್ಲ. ಅದೇ ಕಾಲ್ಕಿನ್ಸ್ 1905ರಲ್ಲಿ ಅಮೆರಿಕದ ಮನಶ್ಶಾಸ್ತ್ರ ಸಂಘದ ಅಧ್ಯಕ್ಷೆಯಾದರು, ಆ ಸ್ಥಾನಕ್ಕೆ ಬಂದ ಮೊದಲ ಮಹಿಳೆ.

‘ಎಲ್ಲೋ ನೋಡಿದ್ದೇನೆ’ ಮತ್ತು ‘ಹೌದು, ಅಲ್ಲೇ ನೋಡಿದ್ದು’

ಗುರುತಿಸುವುದಕ್ಕೆ ಎರಡು ದಾರಿಗಳಿವೆ ಎಂಬುದು ಈಗ ಹೆಚ್ಚಿನವರು ಒಪ್ಪುವ ಮಾತು. ಜಾರ್ಜ್ ಮ್ಯಾಂಡ್ಲರ್ 1980ರಲ್ಲಿ ಕೊಟ್ಟ ಉದಾಹರಣೆ ಇವತ್ತಿಗೂ ಪಾಠಗಳಲ್ಲಿದೆ. ಬಸ್ಸಿನಲ್ಲಿ ಒಬ್ಬರು ಎದುರು ಕೂತಿದ್ದಾರೆ, ಮುಖ ಖಂಡಿತ ಪರಿಚಯದ್ದು, ಆದರೆ ಯಾರು ಎಂದು ಹೊಳೆಯುವುದಿಲ್ಲ. ಸ್ವಲ್ಪ ಹೊತ್ತಿನ ಮೇಲೆ ‘ಓಹೋ, ಮಾಂಸದಂಗಡಿಯವರು’ ಎಂದು ಗೊತ್ತಾಗುತ್ತದೆ. ಮೊದಲು ಬಂದದ್ದು ಪರಿಚಯದ ಭಾವ. ಅದು ಬೇಗ ಬರುತ್ತದೆ, ಪ್ರಯತ್ನ ಬೇಡುವುದಿಲ್ಲ, ಹೆಚ್ಚು ಅಥವಾ ಕಡಿಮೆ ಎಂಬ ಒಂದೇ ಅಳತೆಯಲ್ಲಿ ಮಾತಾಡುತ್ತದೆ. ಆಮೇಲೆ ಬಂದದ್ದು ಸ್ಮರಣೆ. ಎಲ್ಲಿ, ಯಾವಾಗ, ಯಾವುದರ ಜೊತೆ ಎಂಬ ವಿವರಗಳ ಸಮೇತ ಅದು ಬರುತ್ತದೆ, ಇಲ್ಲವಾದರೆ ಬರುವುದೇ ಇಲ್ಲ.

ಬಿಡಿ ವಸ್ತುವಿಗೆ ಪರಿಚಯದ ಭಾವ ಸಾಕು. ಜೋಡಿಗೆ ಅದು ಕೈಕೊಡುತ್ತದೆ. ಅದಲುಬದಲಾದ ಜೋಡಿಯಲ್ಲಿ ಎರಡು ತುದಿಗಳೂ ಪರಿಚಿತವಾದ್ದರಿಂದ ಆ ಭಾವ ಸರಿ ಜೋಡಿಯಲ್ಲಿ ಬಂದಷ್ಟೇ ಜೋರಾಗಿ ಬರುತ್ತದೆ. ಹೆಚ್ಚು ಓದಿದವರಿಗೆ ಇನ್ನೂ ಜೋರಾಗಿ. ಪಠ್ಯವನ್ನು ಐದು ಸಲ ಸುಮ್ಮನೆ ಓದಿದವರು ಕೂಡ ತಪ್ಪು ಜೋಡಿಯನ್ನು ಧೈರ್ಯದಿಂದ ‘ಸರಿ’ ಎಂದುಬಿಡಬಹುದಾದದ್ದು ಇದೇ ಕಾರಣಕ್ಕೆ.

ಸಮಯದ ವಿಷಯವೂ ಇದೆ. 1989ರಲ್ಲಿ ಗ್ರೋನ್‌ಲಂಡ್ ಮತ್ತು ರ‍್ಯಾಟ್‌ಕ್ಲಿಫ್ ಎಂಬ ಸಂಶೋಧಕರು ಉತ್ತರಕ್ಕೆ ಬೇರೆ ಬೇರೆ ಗಡುವು ಕೊಟ್ಟು ನೋಡಿದರು. ಪ್ರಶ್ನೆ ಕಂಡ ಕೂಡಲೇ ಉತ್ತರಿಸಬೇಕಾದಾಗ ಪದ ಹಳೆಯದೋ ಹೊಸದೋ ಎಂಬುದು ಗೊತ್ತಾಗುತ್ತಿತ್ತು, ಜೋಡಿ ಸರಿಯೋ ತಪ್ಪೋ ಎಂಬುದು ಇನ್ನೂ ಗೊತ್ತಾಗುತ್ತಿರಲಿಲ್ಲ. ವ್ಯತ್ಯಾಸ ಇರುವುದು ಸೆಕೆಂಡಿನ ಒಂದು ಸಣ್ಣ ಪಾಲು, ಆದರೆ ಅವಸರದಲ್ಲಿ ಗುರುತು ಹಾಕುವವನು ಆ ಪಾಲಿನಲ್ಲೇ ಎಡವುತ್ತಾನೆ. ಆದ್ದರಿಂದ ಜೋಡಿಯ ಪ್ರಶ್ನೆಯಲ್ಲಿ ಮೊದಲು ಹೊಳೆದ ‘ಸರಿ’ಯನ್ನು ನಂಬಬಾರದು. ಒಂದು ತುದಿಯನ್ನು ಬೆರಳಿನಿಂದ ಮುಚ್ಚಿ, ಇದರ ಜೊತೆ ಏನು ಬರಬೇಕು ಎಂದು ಮನಸ್ಸಿನಲ್ಲೇ ಹೇಳಿಕೊಂಡು, ಆಮೇಲೆ ಬೆರಳು ತೆಗೆಯಬೇಕು. ಎರಡು ಮೂರು ಸೆಕೆಂಡಿನ ಕೆಲಸ.

ಹೀಗೆ ಮಾಡುವಾಗ ಇನ್ನೊಂದು ಲಾಭ ಸಿಗುತ್ತದೆ. ಕೆಎಲ್-59 ಏನೆಂದು ಗೊತ್ತಿಲ್ಲದಿದ್ದರೂ ‘ವೆಳ್ಳರಿಕುಂಡು ಅಂದರೆ 79’ ಎಂದು ಗಟ್ಟಿಯಾಗಿ ಗೊತ್ತಿದ್ದರೆ ಸಾಕು, ತಪ್ಪು ಜೋಡಿ ಅಲ್ಲೇ ಬೀಳುತ್ತದೆ. ಸರಿಯನ್ನು ನೆನೆದು ತಪ್ಪನ್ನು ತಳ್ಳುವುದು ಎಂದರೆ ಇದು. ಒಂದಕ್ಕೆ ಒಂದೇ ಎಂಬ ನಿಯಮ ಇರುವ ಕಡೆ ಮಾತ್ರ ಇದು ನಡೆಯುತ್ತದೆ ಎಂಬುದು ನೆನಪಿರಲಿ. ಒಂದು ಹೊಳೆಗೆ ಮೂರು ಸಂಕಗಳಿದ್ದರೆ, ಒಂದು ಸಂಕ ಗೊತ್ತಿದೆ ಎಂದು ಇನ್ನೊಂದನ್ನು ತಳ್ಳುವಂತಿಲ್ಲ.

ಕೇರಳ ಪಿಎಸ್‌ಸಿಯ ವಸ್ತುನಿಷ್ಠ ಪರೀಕ್ಷೆಯಲ್ಲಿ ಒಂದು ತಪ್ಪಿಗೆ ಮೂರನೇ ಒಂದು ಅಂಕ ಹೋಗುತ್ತದೆ. ನಾಲ್ಕು ಆಯ್ಕೆಗಳಲ್ಲಿ ಕಣ್ಣು ಮುಚ್ಚಿ ಒಂದನ್ನು ಹಾಕಿದರೆ ಸರಾಸರಿ ಲಾಭ ಸೊನ್ನೆ, ನಷ್ಟವೂ ಸೊನ್ನೆ. ಒಂದು ಆಯ್ಕೆಯನ್ನು ಖಚಿತವಾಗಿ ತಳ್ಳಿದ ಕ್ಷಣ ಲೆಕ್ಕ ಬದಲಾಗುತ್ತದೆ: ಉಳಿದ ಮೂರರಲ್ಲಿ ಒಂದನ್ನು ಹಾಕಿದರೆ ಪ್ರಶ್ನೆಗೆ ಸರಾಸರಿ ಒಂಬತ್ತನೇ ಒಂದು ಅಂಕ ಲಾಭ. ಆದರೆ ‘ಖಚಿತವಾಗಿ’ ಎಂಬುದು ಸ್ಮರಣೆಯಿಂದ ಬಂದಿರಬೇಕು. ಪರಿಚಯದ ಭಾವದಿಂದ ತಳ್ಳಿದರೆ ಸರಿಯಾದದ್ದನ್ನೇ ತಳ್ಳಿಬಿಡುವ ಅಪಾಯ ಇದೆ, ಆಗ ಮೂರನೇ ಒಂದು ಅಂಕ ಖಂಡಿತ ಹೋಯಿತು. ‘ಹೊಂದಿಸಿ ಬರೆಯಿರಿ’ಯಲ್ಲಿ ಇನ್ನೊಂದು ತಮಾಷೆ. ನಾಲ್ಕು ಜೋಡಿಗಳನ್ನು 24 ರೀತಿಯಲ್ಲಿ ಹೊಂದಿಸಬಹುದು. ಪೂರ್ತಿ ಕುರುಡಾಗಿ ಹೊಂದಿಸಿದರೂ ಸರಾಸರಿ ಒಂದು ಸರಿಯಾಗುತ್ತದೆ. ಸರಿಯಾಗಿ ಮೂರೇ ಮೂರು ಜೋಡಿ ಹೊಂದುವುದು ಮಾತ್ರ ಸಾಧ್ಯವೇ ಇಲ್ಲ, ಏಕೆಂದರೆ ಒಂದು ತಪ್ಪಿದರೆ ಅದರ ಜಾಗದ ಇನ್ನೊಂದೂ ತಪ್ಪಲೇಬೇಕು. ಶಾಲೆಯ ಟೆಸ್ಟಿನಲ್ಲಿ ನಾಲ್ಕಕ್ಕೆ ಒಂದು ಬಂದ ಮಗುವಿಗೆ ‘ಒಂದಾದರೂ ಗೊತ್ತಿದೆ’ ಎಂದು ಸಮಾಧಾನಪಡುವ ಮೊದಲು ಇದನ್ನು ಯೋಚಿಸಬೇಕು.

ಮೆದುಳಿನಲ್ಲಿ ಎಲ್ಲಿ

ಕಿವಿಯ ನೇರಕ್ಕೆ ಮೆದುಳಿನ ಒಳಮಗ್ಗುಲಲ್ಲಿರುವ ಹಿಪ್ಪೊಕ್ಯಾಂಪಸ್ ಎಂಬ ಭಾಗ ಕೊಂಡಿ ಕಟ್ಟುವ ಕೆಲಸದ ಮುಖ್ಯ ಜಾಗ. ಅದರ ಪಕ್ಕದ ಪೆರಿರೈನಲ್ ಕಾರ್ಟೆಕ್ಸ್ ಬಿಡಿ ವಸ್ತುಗಳ ಪರಿಚಯದ ಭಾವಕ್ಕೆ ಹೆಚ್ಚು ಸಂಬಂಧಿಸಿದ್ದು. ಹಿಪ್ಪೊಕ್ಯಾಂಪಸ್‌ನೊಳಗೆ ಸಿಎ3 ಎಂಬ ವಲಯದ ನರಕೋಶಗಳು ಒಂದಕ್ಕೊಂದು ದಟ್ಟವಾಗಿ ಹೆಣೆದುಕೊಂಡಿವೆ; ಜೋಡಿಯ ಒಂದು ತುಂಡು ಸಿಕ್ಕಿದರೆ ಉಳಿದದ್ದನ್ನು ಎಬ್ಬಿಸಿ ಪೂರ್ತಿ ಮಾಡುವುದು ಅಲ್ಲಿ ಎಂಬ ವಿಚಾರ ಡೇವಿಡ್ ಮಾರ್ ಅವರ 1971ರ ಸಿದ್ಧಾಂತದಿಂದ ಬೆಳೆದು ಬಂದಿದೆ.

ಹೆನ್ರಿ ಮೊಲೈಸನ್ ಎಂಬವರಿಗೆ ಅಪಸ್ಮಾರದ ಚಿಕಿತ್ಸೆಗಾಗಿ 1953ರಲ್ಲಿ ಎರಡೂ ಬದಿಯ ಹಿಪ್ಪೊಕ್ಯಾಂಪಸ್‌ನ ಹೆಚ್ಚಿನ ಭಾಗ ತೆಗೆದರು. 1957ರ ವರದಿಯಲ್ಲಿ ಅವರ ಜೋಡಿಪದಗಳ ಪರೀಕ್ಷೆಯ ಫಲ ಇದೆ: ಸಂಬಂಧವಿಲ್ಲದ ಕಠಿಣ ಜೋಡಿಗಳಲ್ಲಿ ಸೊನ್ನೆ. ಬುದ್ಧಿಮತ್ತೆ ಕುಂದಿರಲಿಲ್ಲ, ಮಾತು ಸರಿಯಿತ್ತು. ಹೊಸದನ್ನು ನೆನಪಿಟ್ಟುಕೊಳ್ಳುವುದು, ಹೊಸ ಎರಡನ್ನು ಸೇರಿಸುವುದು ಮಾತ್ರ ಆಗುತ್ತಿರಲಿಲ್ಲ.

ಆದರೆ ಇಲ್ಲೊಂದು ಬಾಗಿಲು ತೆರೆದಿದೆ. ಎರಡನ್ನು ‘ಎರಡು’ ಎಂದೇ ಇಟ್ಟು ಕೊಂಡಿ ಹಾಕದೆ ಒಂದೇ ಘಟಕ ಮಾಡಿಬಿಟ್ಟರೆ ಅದು ಬಿಡಿ ವಸ್ತುವಿನ ಹಾಗೆ ಪರಿಚಯದ ದಾರಿಯಲ್ಲೂ ಸಿಗುತ್ತದೆ. 2007ರ ಒಂದು ಅಧ್ಯಯನದಲ್ಲಿ ಸ್ಮರಣೆ ಕುಂದಿದ ರೋಗಿಗಳಿಗೆ ಎರಡು ಪದಗಳನ್ನು ಒಂದು ಹೊಸ ಸಮಾಸಪದವೆಂಬಂತೆ ಅರ್ಥ ಕೊಟ್ಟು ಕಲಿಸಿದಾಗ, ಎರಡನ್ನೂ ಒಂದು ವಾಕ್ಯದಲ್ಲಿಟ್ಟು ಕಲಿಸಿದ್ದಕ್ಕಿಂತ ಚೆನ್ನಾಗಿ ಜೋಡಿ ಗುರುತಿಸಿದರು. ಹಲಸು–ಬೀಗವನ್ನು ‘ಹಲಸುಬೀಗ: ಹಣ್ಣು ಕದಿಯದಂತೆ ಮರಕ್ಕೆ ಹಾಕುವ ಬೀಗ’ ಎಂದು ಮಾಡುವುದು ಇದೇ ತಂತ್ರ. ಸಮಾಸ ಮಾಡುವುದರಲ್ಲಿ ಕನ್ನಡಕ್ಕೆ ಯಾವ ಕೊರತೆಯೂ ಇಲ್ಲ, ಬಳಸಿಕೊಳ್ಳಬೇಕು ಅಷ್ಟೆ.

ಕೊಂಡಿ ಕಟ್ಟುವುದು ಹೇಗೆ

ಮೊದಲು ನೋಡಬೇಕಾದದ್ದು, ಜೋಡಿಯ ಹಿಂದೆ ನಿಯಮ ಇದೆಯೋ ಇಲ್ಲವೋ ಎಂದು. ವಾಹನ ಸಂಖ್ಯೆಯನ್ನೇ ತೆಗೆದುಕೊಳ್ಳಿ. ಕೇರಳಕ್ಕೆ 14 ಜಿಲ್ಲೆ. ಕೆಎಲ್-01 ತಿರುವನಂತಪುರ, ಅಲ್ಲಿಂದ ಬಹುಮಟ್ಟಿಗೆ ಉತ್ತರಕ್ಕೆ ಏರುತ್ತಾ 13ಕ್ಕೆ ಕಣ್ಣೂರು, 14ಕ್ಕೆ ಕಾಸರಗೋಡು. ಹದಿನಾಲ್ಕನೆಯದು, ತುತ್ತತುದಿಯದು, 1984ರಲ್ಲಿ ಕೊನೆಗೆ ಆದ ಜಿಲ್ಲೆ. ಹೀಗೆ ನೋಡಿದವನಿಗೆ 14 – ಕಾಸರಗೋಡು ಬಾಯಿಪಾಠದ ವಿಷಯವೇ ಅಲ್ಲ. 15ಕ್ಕೆ ಜಿಲ್ಲೆ ಇಲ್ಲ ಎಂಬುದೂ ಇದರಿಂದಲೇ ಸಿಗುತ್ತದೆ. ಅದು ಕೇರಳದ ಕೆಎಸ್‌ಆರ್‌ಟಿಸಿ ಬಸ್ಸಿನದ್ದು. 58 ತಲಶ್ಶೇರಿ, 59 ತಳಿಪರಂಬ, 60 ಕಾಞಂಗಾಡು ಎಂಬ ಮೂರು ಕೂಡ ತೆಂಕಿನಿಂದ ಬಡಗಿಗೆ ಒಂದರ ಹಿಂದೆ ಒಂದು ಬರುತ್ತವೆ. 79ಕ್ಕೆ ಇಂಥ ಆಸರೆ ಇಲ್ಲ. ನಿಯಮ ಇರುವ ಜೋಡಿಗಳನ್ನು ಪಟ್ಟಿಯಿಂದ ಹೊರಗೆ ಹಾಕಿ, ಆಸರೆ ಇಲ್ಲದವನ್ನು ಮಾತ್ರ ಬೇರೆ ಕಾಗದದಲ್ಲಿ ಬರೆದುಕೊಂಡರೆ ಕಲಿಯಬೇಕಾದ ಹೊರೆ ಎಷ್ಟೋ ಇಳಿಯುತ್ತದೆ. ಹೆಚ್ಚಿನವರು ಎಲ್ಲವನ್ನೂ ಒಂದೇ ರಾಗದಲ್ಲಿ ಉರುಹೊಡೆಯುತ್ತಾರೆ.

ಆಸರೆ ಇಲ್ಲದ ಜೋಡಿಗೆ ಚಿತ್ರ ಬೇಕು. ಆ ಚಿತ್ರ ಎಂಥದ್ದು ಎಂಬುದನ್ನು ಗಾರ್ಡನ್ ಬೋವರ್ 1970ರಲ್ಲಿ ಚೆನ್ನಾಗಿ ತೋರಿಸಿದರು. ಮೂರು ಗುಂಪು. ಒಂದು ಗುಂಪು ಜೋಡಿಪದಗಳನ್ನು ಸುಮ್ಮನೆ ಮತ್ತೆ ಮತ್ತೆ ಹೇಳಿಕೊಂಡಿತು. ಇನ್ನೊಂದು ಎರಡೂ ವಸ್ತುಗಳನ್ನು ಬೇರೆ ಬೇರೆಯಾಗಿ ಕಲ್ಪಿಸಿಕೊಂಡಿತು. ಮೂರನೆಯದು ಒಂದು ವಸ್ತು ಇನ್ನೊಂದಕ್ಕೆ ಏನೋ ಮಾಡುತ್ತಿರುವ ಹಾಗೆ ಕಲ್ಪಿಸಿಕೊಂಡಿತು. ಬಿಡಿ ಪದಗಳ ಗುರುತಿನಲ್ಲಿ ಮೂರೂ ಗುಂಪುಗಳು ಹೆಚ್ಚುಕಡಿಮೆ ಸಮ. ಒಂದನ್ನು ಕೊಟ್ಟು ಇನ್ನೊಂದನ್ನು ಕೇಳಿದಾಗ ಮೂರನೆಯ ಗುಂಪು ಅರ್ಧಕ್ಕೂ ತುಸು ಹೆಚ್ಚು ಹೇಳಿತು, ಉಳಿದೆರಡು ಮೂರರಲ್ಲೊಂದನ್ನೂ ಮುಟ್ಟಲಿಲ್ಲ. ಅಂದರೆ ಚಿತ್ರ ಕಲ್ಪಿಸಿಕೊಂಡ ಮಾತ್ರಕ್ಕೆ ಆಗುವುದಿಲ್ಲ. ದೋಣಿ ಒಂದು ಕಡೆ, ಕನ್ನಡಿ ಒಂದು ಕಡೆ ಇರುವ ಚಿತ್ರಕ್ಕೆ ಬಾಯಿಪಾಠದಷ್ಟೇ ಬೆಲೆ. ಕನ್ನಡಿಯ ತುಂಡಿನಿಂದ ದೋಣಿಯ ತೂತು ಮುಚ್ಚಿದ್ದಾರೆ ಎಂದರೆ ಕೊಂಡಿ ಬಿತ್ತು.

ಪರಭಾಷೆಯ ಪದಕ್ಕೆ ಇದರ ಇನ್ನೊಂದು ರೂಪ ಇದೆ. ಜಾಗದ ಮಲಯಾಳಂ ಆಧಾರಪತ್ರ ಓದಬೇಕಾದ ಕನ್ನಡಿಗರಿಗೆ ನಾಲ್ಕು ದಿಕ್ಕುಗಳ ಹೆಸರು ಬಂದೇ ಆಗಬೇಕು. ತೆಂಕಿಗೆ ತೆಕ್ಕ್, ಬಡಗಿಗೆ ವಡಕ್ಕ್, ಪಡುವಿಗೆ ಪಡಿಞ್ಞಾರ್: ಮೂರೂ ಸದ್ದಿನ ಬಲದಿಂದಲೇ ನಿಲ್ಲುತ್ತವೆ. ಮೂಡು ಮಾತ್ರ ಕಿಳಕ್ಕ್. ಅದನ್ನು ಕೇಳಿದ ಕೂಡಲೇ ಕನ್ನಡದ ಕಿವಿಗೆ ‘ಕೆಳಕ್ಕೆ’ ಎಂದು ಕೇಳಿಸುತ್ತದೆ; ನಮ್ಮಲ್ಲಿ ನೆಲ ಮೂಡಿಗೆ ಏರುತ್ತದೆ, ಇಳಿಯುವುದು ಪಡುಗಡಲಿನ ಕಡೆಗೆ. ಸದ್ದು ತಪ್ಪು ದಿಕ್ಕಿಗೆ ಎಳೆಯುತ್ತದೆ. ಇಲ್ಲಿ ಬೇರೆ ಸದ್ದನ್ನು ಹಿಡಿಯಬೇಕು: ಕಿಳಕ್ಕ್, ಕಿಟಕಿ, ಬೆಳಗಿನ ಬಿಸಿಲು ಒಳಗೆ ಬೀಳುವ ಕಿಟಕಿ, ಮೂಡು. ಮೊದಲು ಸದ್ದಿನಿಂದ ಪರಿಚಿತ ಪದಕ್ಕೆ, ಅಲ್ಲಿಂದ ಚಿತ್ರದ ಮೂಲಕ ಅರ್ಥಕ್ಕೆ. ಅಟ್ಕಿನ್ಸನ್ ಮತ್ತು ರಾ 1975ರಲ್ಲಿ 120 ರಷ್ಯನ್ ಪದಗಳನ್ನು ಹೀಗೆ ಕಲಿಸಿ ನೋಡಿದಾಗ ಈ ಗುಂಪು ನೂರಕ್ಕೆ 72ರಷ್ಟು ಅರ್ಥ ಹೇಳಿತು, ಇದನ್ನು ಬಳಸದ ಗುಂಪು 46ರಷ್ಟು. ಇದರ ಮಿತಿಯೂ ಗೊತ್ತಿರಬೇಕು. ಕಿಟಕಿ ಎಂಬ ಮಧ್ಯದ ಮೆಟ್ಟಿಲು ಮಲಯಾಳದಿಂದ ಕನ್ನಡಕ್ಕೆ ಬರುವಾಗ ಚೆನ್ನಾಗಿ ಕೆಲಸ ಮಾಡುತ್ತದೆ. ಮೂಡು ಎಂದರೆ ಮಲಯಾಳದಲ್ಲಿ ಏನು ಎಂದು ಕೇಳಿದರೆ ಬಾಯಿಗೆ ಕಿಟಕಿಯೇ ಬಂದುಬಿಡಬಹುದು. ಆ ಕಡೆಯಿಂದಲೂ ಬೇರೆಯಾಗಿ ಅಭ್ಯಾಸ ಬೇಕು.

ಅಡ್ಡ ಬರುವ ಹಳೆಯ ಜೋಡಿಗಳು

ಕಾಸರಗೋಡಿನ ಮಗು ಮನೆಯಲ್ಲಿ ತುಳುವೋ ಹವ್ಯಕವೋ ಕೊಂಕಣಿಯೋ ಆಡಿ, ಶಾಲೆಯಲ್ಲಿ ಕನ್ನಡ ಓದಿ, ಪೇಟೆಯಲ್ಲಿ ಮಲಯಾಳಂ ಕೇಳುತ್ತದೆ. ಒಂದೇ ಸದ್ದಿಗೆ ಎರಡು ಜೋಡಿ ಬೀಳುವುದು ಇಲ್ಲಿ ನಿತ್ಯದ ಮಾತು. ‘ತಿಂಗಳ್’ ಮಲಯಾಳದಲ್ಲಿ ಸೋಮವಾರ, ಕನ್ನಡದಲ್ಲಿ ತಿಂಗಳು ಎಂದರೆ ಮಾಸ. ಮನಶ್ಶಾಸ್ತ್ರದಲ್ಲಿ ಇದನ್ನು ಎಬಿ–ಎಸಿ ಎನ್ನುತ್ತಾರೆ: ಎ ಜೊತೆಗೆ ಬಿ ಕಲಿತ ಮೇಲೆ ಅದೇ ಎ ಜೊತೆಗೆ ಸಿ ಕಲಿಯುವುದು. ಹಳೆಯದು ಹೊಸದನ್ನು ತಡೆಯುತ್ತದೆ, ಹೊಸದು ಗಟ್ಟಿಯಾದ ಮೇಲೆ ಹಳೆಯದನ್ನು ಎಳೆಯುವುದೂ ನಿಧಾನವಾಗುತ್ತದೆ. ಸದ್ದು ಪೂರ್ತಿ ಬೇರೆಯಾಗಿದ್ದಿದ್ದರೆ ಈ ಜಗಳವೇ ಇರುತ್ತಿರಲಿಲ್ಲ. ಅರೆಬರೆ ಹೋಲುವುದೇ ತೊಂದರೆ. ಪರಿಹಾರ, ಎರಡು ಜೋಡಿಗಳನ್ನೂ ಒಂದೇ ಹೊತ್ತಿನಲ್ಲಿ ಕಲಿಸದಿರುವುದು, ಮತ್ತು ಪದವನ್ನು ಒಂಟಿಯಾಗಿ ಬಿಡದೆ ಅದರ ಪರಿಸರದ ಸಮೇತ ಕಲಿಸುವುದು. ‘ತಿಂಗಳಾಳ್ಚ’ ಎಂದು ವಾರದ ಬಾಲ ಸೇರಿಸಿ ಕಲಿತ ಮಗುವಿಗೆ ಗೊಂದಲ ಕಡಿಮೆ.

ಒಂದು ತುದಿಗೆ ಕೊಂಡಿಗಳು ಹೆಚ್ಚಾದಷ್ಟೂ ಒಂದೊಂದು ಕೊಂಡಿಯ ಗುರುತು ನಿಧಾನವಾಗುತ್ತದೆ ಎಂಬುದನ್ನು ಜಾನ್ ಆಂಡರ್ಸನ್ 1974ರಲ್ಲಿ ಇಂಥ ವ್ಯಕ್ತಿ ಇಂಥ ಜಾಗದಲ್ಲಿದ್ದಾನೆ ಎಂಬ ವಾಕ್ಯಗಳಿಂದ ತೋರಿಸಿದರು. ಕಾಸರಗೋಡಿನಲ್ಲಿ ಚಂದ್ರಗಿರಿ ಎಂದರೆ ಹೊಳೆ, ಕೋಟೆ, ಸೇತುವೆ. ಆ ಹೆಸರಿನ ಯಾವ ಜೋಡಿಯನ್ನು ಕೇಳಿದರೂ, ಒಂದೇ ಸಂಗತಿಗೆ ಅಂಟಿದ ಹೆಸರಿಗಿಂತ ಉತ್ತರ ತುಸು ತಡ. ಒಂದು ವಿಷಯದ ಬಗ್ಗೆ ಬಹಳ ತಿಳಿದವರು ಹಾಗಾದರೆ ಎಲ್ಲದಕ್ಕೂ ತಡವರಿಸಬೇಕಲ್ಲ? ತಡವರಿಸುವುದಿಲ್ಲ, ಏಕೆಂದರೆ ಅವರ ಸಂಗತಿಗಳು ಒಂದಕ್ಕೊಂದು ಅರ್ಥದಿಂದ ಹೆಣೆದುಕೊಂಡಿರುತ್ತವೆ. ಚದುರಿದ ಸಂಗತಿಗಳಿಗೇ ಈ ತೆರಿಗೆ.

ಕಾರ್ಡಿನ ಅಭ್ಯಾಸ

ಜೋಡಿ ಕಲಿಯಲು ಪಟ್ಟಿ ಓದುವುದಕ್ಕಿಂತ ಕೆಟ್ಟ ಕ್ರಮ ಇಲ್ಲ. ಪಟ್ಟಿಯಲ್ಲಿ ಎರಡು ತುದಿಗಳೂ ಸದಾ ಒಟ್ಟಿಗೆ ಕಾಣುತ್ತವೆ, ಆದ್ದರಿಂದ ಪರಿಚಯ ಮಾತ್ರ ಬೆಳೆಯುತ್ತದೆ. ಮೇಲಾಗಿ ಕ್ರಮ ಬದಲಾಗದ್ದರಿಂದ ಮೂರನೆಯದರ ಆಮೇಲೆ ನಾಲ್ಕನೆಯದು ಎಂಬ ಬೇರೆಯೇ ಕೊಂಡಿ ಕಟ್ಟಿಕೊಳ್ಳುತ್ತದೆ. ಮಗ್ಗಿಯನ್ನು ಮೊದಲಿನಿಂದ ಹೇಳಿದರೆ ಮಾತ್ರ ‘ಏಳೆಂಟ್ಲ’ ಬರುವ ಮಕ್ಕಳಿಗೆ ಆಗಿರುವುದು ಇದೇ.

ಅಂಚೆ ಕಾರ್ಡಿನ ಅರ್ಧದಷ್ಟು ರಟ್ಟಿನ ತುಂಡುಗಳು ಸಾಕು. ಒಂದು ಬದಿಗೆ ಒಂದು ತುದಿ, ಹಿಂಬದಿಗೆ ಇನ್ನೊಂದು. ಒಂದು ಕಂತಿಗೆ ಹತ್ತು ಹನ್ನೆರಡು ಜೋಡಿ. ಎಲ್ಲ ಕಾರ್ಡಿಗೂ ಒಂದೇ ಶಾಯಿ, ಒಂದೇ ಅಳತೆ. ಒಂದು ಕಾರ್ಡಿನ ಮೂಲೆ ಮಡಚಿದ್ದರೆ ಮಕ್ಕಳು ಮೂಲೆ ನೋಡಿ ಉತ್ತರ ಹೇಳುತ್ತಾರೆ. ಮೊದಲ ಸುತ್ತಿನಲ್ಲಿ ಪ್ರತಿ ಜೋಡಿಗೆ ಆರೇಳು ಸೆಕೆಂಡು ಕೊಟ್ಟು ಕೊಂಡಿ ಕಟ್ಟಿಕೊಳ್ಳಬೇಕು. ಎರಡನೆಯ ಸುತ್ತಿನಿಂದ ಕಲಸಿ, ಒಂದು ಬದಿ ಮಾತ್ರ ನೋಡಿ, ಉತ್ತರವನ್ನು ಬಾಯಿಬಿಟ್ಟು ಹೇಳಿ, ಆಮೇಲೆ ತಿರುಗಿಸಬೇಕು. ಹೇಳುವ ಮೊದಲೇ ತಿರುಗಿಸಿ ‘ಹಾಂ, ಗೊತ್ತಿತ್ತು’ ಎಂದರೆ ಅದು ಓದಿನ ಲೆಕ್ಕಕ್ಕೆ ಹೋಯಿತು, ಅಭ್ಯಾಸದ ಲೆಕ್ಕಕ್ಕಲ್ಲ. ತಪ್ಪಿದವು ಕಟ್ಟಿನ ನಡುವಿಗೆ. ಎಲ್ಲ ಸರಿಯಾದ ಮೇಲೆ ಕಟ್ಟನ್ನು ಬೋರಲು ಹಾಕಿ ಹಿಂಬದಿಯಿಂದ ಇನ್ನೊಂದು ಸುತ್ತು.

ಒಮ್ಮೆ ಸರಿ ಬಂದ ಕಾರ್ಡನ್ನು ತೆಗೆದಿಡುವುದು ದೊಡ್ಡ ತಪ್ಪು. ಕಾರ್ಪಿಕ್ ಮತ್ತು ರೋಡಿಗರ್ 2008ರಲ್ಲಿ 40 ಸ್ವಾಹಿಲಿ–ಇಂಗ್ಲಿಷ್ ಜೋಡಿಗಳನ್ನು ಕಲಿಸಿದರು. ಒಮ್ಮೆ ಸರಿ ಹೇಳಿದ ಜೋಡಿಯನ್ನು ಕೆಲವರಿಗೆ ಮತ್ತೆ ಓದಲು ಕೊಡಲಿಲ್ಲ, ಕೆಲವರಿಗೆ ಅದರ ಮೇಲೆ ಮತ್ತೆ ಪ್ರಶ್ನೆ ಕೇಳಲಿಲ್ಲ. ವಾರದ ನಂತರ, ಪ್ರಶ್ನೆ ಕೇಳುತ್ತಲೇ ಇದ್ದ ಗುಂಪುಗಳು ನೂರಕ್ಕೆ ಸುಮಾರು 80 ಹೇಳಿದವು. ಓದಲು ಕೊಟ್ಟು ಪ್ರಶ್ನೆ ನಿಲ್ಲಿಸಿದ ಗುಂಪಿಗೆ ಅದರ ಅರ್ಧವೂ ಬರಲಿಲ್ಲ. ಮತ್ತೆ ಓದಿದ್ದರಿಂದ ಹೆಚ್ಚು ಲಾಭವೇ ಕಾಣಲಿಲ್ಲ. ತಮಗೆ ಎಷ್ಟು ನೆನಪಿರುತ್ತದೆ ಎಂದು ಮೊದಲೇ ಅಂದಾಜು ಕೇಳಿದಾಗ ಎಲ್ಲ ಗುಂಪುಗಳೂ ಸುಮಾರು ಅರ್ಧ ಎಂದಿದ್ದವು. ಕಲಿಯುವವನಿಗೆ ತನ್ನ ಕೊಂಡಿಯ ಗಟ್ಟಿತನ ಒಳಗಿನಿಂದ ಗೊತ್ತಾಗುವುದಿಲ್ಲ. ಮಾರನೆಯ ದಿನ, ಮೂರನೆಯ ದಿನ, ವಾರಕ್ಕೆ ಎಂದು ಅಂತರ ಹೆಚ್ಚಿಸುತ್ತಾ ಹೋಗುವುದು ಒಳ್ಳೆಯ ಕ್ರಮ. ಸರಿ ಬಂದ ಕಾರ್ಡು ಮುಂದಿನ ಖಾನೆಗೆ, ತಪ್ಪಿದ್ದು ಮೊದಲ ಖಾನೆಗೆ ಎಂದು ಸೆಬಾಸ್ಟಿಯನ್ ಲೈಟ್ನರ್ 1972ರಲ್ಲಿ ಹೇಳಿದ ಪೆಟ್ಟಿಗೆ ಇದಕ್ಕೆ ಚೆನ್ನಾಗಿ ಒದಗುತ್ತದೆ. ಪೆಟ್ಟಿಗೆಗೆ ಚಪ್ಪಲಿಯ ಖಾಲಿ ಡಬ್ಬ ಸಾಕು.

ತಪ್ಪು ಜೋಡಿ ಹಿಡಿಯುವ ಅಭ್ಯಾಸ ಬೇಕಾದರೆ 20 ಜೋಡಿ ಬರೆದು ಹತ್ತನ್ನು ಹಾಗೆಯೇ ಬಿಡಿ, ಉಳಿದ ಹತ್ತರ ಬಲತುದಿಗಳನ್ನು ತಮ್ಮತಮ್ಮೊಳಗೇ ಅದಲುಬದಲು ಮಾಡಿ. ಹೊರಗಿನ ಹೊಸ ಹೆಸರು ತರಬಾರದು, ತಂದರೆ ಪರಿಚಯವಿಲ್ಲ ಎಂಬುದರಿಂದಲೇ ಸಿಕ್ಕಿಬೀಳುತ್ತದೆ. ಹೊಳೆಯ ಬದಲಿಗೆ ಹೊಳೆಯೇ ಬರಬೇಕು, ಊರಿನ ಬದಲಿಗೆ ಊರು. ಉತ್ತರವಾದ ಕೂಡಲೇ ಸರಿ ಜೋಡಿಯನ್ನು ಹೇಳಿಬಿಡಬೇಕು, ಮತ್ತು ಅದೇ ತಪ್ಪು ಜೋಡಿಯನ್ನು ಮರುದಿನ ಬಳಸಬಾರದು. ತಪ್ಪು ಜೋಡಿಯೂ ನೋಡಿ ನೋಡಿ ಪರಿಚಿತವಾಗುತ್ತದೆ.

ಅಂಕ ಹಾಕುವಾಗ ಒಟ್ಟು ಸರಿ ಎಷ್ಟು ಎಂದು ಮಾತ್ರ ನೋಡಿದರೆ ಸಾಲದು. ಒಬ್ಬಳು ಹತ್ತು ಸರಿ ಜೋಡಿಗಳಲ್ಲಿ ಒಂಬತ್ತಕ್ಕೆ ‘ಸರಿ’ ಎಂದಳು, ಹತ್ತು ತಪ್ಪು ಜೋಡಿಗಳಲ್ಲಿ ಆರಕ್ಕೂ ‘ಸರಿ’ ಎಂದಳು. ಇನ್ನೊಬ್ಬಳು ಏಳಕ್ಕೆ ಮತ್ತು ಒಂದಕ್ಕೆ. ಒಟ್ಟು 20ರಲ್ಲಿ ಮೊದಲನೆಯವಳಿಗೆ 13, ಎರಡನೆಯವಳಿಗೆ 16. ಸರಿ ಒಪ್ಪಿದ್ದರಲ್ಲಿ ತಪ್ಪಾಗಿ ಒಪ್ಪಿದ್ದನ್ನು ಕಳೆದರೆ ಒಬ್ಬಳಿಗೆ ಮೂರು, ಇನ್ನೊಬ್ಬಳಿಗೆ ಆರು: ಎರಡು ಪಟ್ಟು. ಮೊದಲನೆಯವಳಿಗೆ ಬಿಡಿ ಹೆಸರುಗಳೆಲ್ಲ ಬರುತ್ತವೆ, ಆದ್ದರಿಂದ ಎಲ್ಲದಕ್ಕೂ ತಲೆಯಾಡಿಸುತ್ತಾಳೆ. ಅವಳಿಗೆ ಇನ್ನಷ್ಟು ಓದು ಎನ್ನುವುದರಿಂದ ಪ್ರಯೋಜನವಿಲ್ಲ. ಒಂದು ತುದಿ ಮುಚ್ಚಿ ಇನ್ನೊಂದನ್ನು ಹೇಳಿಸಬೇಕು.

ಹಿರಿಯರ ಮಾತ್ರೆ

ವಯಸ್ಸಾದಂತೆ ಬಿಡಿ ವಸ್ತುಗಳ ಗುರುತು ಅಷ್ಟಾಗಿ ಕುಂದುವುದಿಲ್ಲ, ಜೋಡಿಯ ಗುರುತು ಹೆಚ್ಚು ಕುಂದುತ್ತದೆ ಎಂದು ಮೋಶೆ ನವೆ-ಬೆಂಜಮಿನ್ 2000ದಲ್ಲಿ ವಾದಿಸಿದರು, ಆಮೇಲಿನ ಬಹಳ ಪ್ರಯೋಗಗಳು ಅದನ್ನು ಎತ್ತಿಹಿಡಿದವು. ಹಿರಿಯರು ಸರಿ ಜೋಡಿಯನ್ನು ಕಿರಿಯರಷ್ಟೇ ಒಪ್ಪುತ್ತಾರೆ. ಅದಲುಬದಲಾದದ್ದನ್ನೂ ಒಪ್ಪಿಬಿಡುವುದರಲ್ಲಿ ವ್ಯತ್ಯಾಸ ಎದ್ದುಕಾಣುತ್ತದೆ. ಕೊಂಡಿ ಕಟ್ಟುವ ಉಪಾಯ ಹೇಳಿಕೊಟ್ಟಾಗ ಅಂತರ ಕಿರಿದಾಗುತ್ತದೆ.

ಮನೆಯಲ್ಲಿ ಇದು ಕಾಣುವುದು ಮಾತ್ರೆಯ ವಿಷಯದಲ್ಲಿ. ಬಿಳಿಯದು ಗೊತ್ತು, ಗುಲಾಬಿಯದು ಗೊತ್ತು, ಬೆಳಿಗ್ಗೆ, ರಾತ್ರಿ ಎಂಬುದೂ ಗೊತ್ತು. ಯಾವುದು ಯಾವಾಗ ಎಂಬಲ್ಲಿ ತಪ್ಪುತ್ತದೆ. ಕಂಪನಿ ಬದಲಾಗಿ ಅದೇ ಔಷಧ ಬೇರೆ ಬಣ್ಣದಲ್ಲಿ ಬಂದರೆ ಹಳೆಯ ಜೋಡಿ ಅಡ್ಡ ಬರುತ್ತದೆ. ಇಲ್ಲಿ ನೆನಪನ್ನು ಪಳಗಿಸಲು ಹೋಗುವುದಕ್ಕಿಂತ ನೆನಪಿನ ಅಗತ್ಯವನ್ನೇ ತೆಗೆಯುವುದು ಮೇಲು: ಹೊತ್ತಿಗೊಂದು ಖಾನೆ ಇರುವ ಡಬ್ಬ, ವಾರಕ್ಕೊಮ್ಮೆ ತುಂಬಿಸುವವರು ಒಬ್ಬರೇ, ಬದಲಾದ ಔಷಧದ ಹಳೆಯ ಮಾತ್ರೆಗಳು ಆ ದಿನವೇ ಮನೆಯಿಂದ ಹೊರಗೆ. ಹೇಳುವ ರೀತಿಯಲ್ಲೂ ಜಾಗ್ರತೆ ಬೇಕು. ‘ಅಜ್ಜಿ, ಗುಲಾಬಿಯದ್ದು ಬೆಳಿಗ್ಗೆಗಲ್ಲ’ ಎಂದು ಹತ್ತು ಸಲ ಹೇಳಿದರೆ ಗುಲಾಬಿ, ಬೆಳಿಗ್ಗೆ ಎಂಬೆರಡೇ ಒಟ್ಟಿಗೆ ಪರಿಚಿತವಾಗುತ್ತವೆ, ‘ಅಲ್ಲ’ ಉದುರಿಹೋಗುತ್ತದೆ. ಸುಳ್ಳು ಎಂದು ಮತ್ತೆ ಮತ್ತೆ ಎಚ್ಚರಿಸಿದ ಮಾತನ್ನು ಹಿರಿಯರು ಕೆಲವು ದಿನಗಳ ಮೇಲೆ ನಿಜವೆಂದು ನೆನೆಯುವುದು 2005ರ ಒಂದು ಅಧ್ಯಯನದಲ್ಲಿ ಕಂಡಿದೆ. ‘ಗುಲಾಬಿಯದ್ದು ರಾತ್ರಿ ಊಟ ಆದ ಮೇಲೆ’ ಎಂದು ಸರಿ ಜೋಡಿಯನ್ನೇ ಹೇಳಬೇಕು, ಅವರ ಬಾಯಲ್ಲೂ ಹೇಳಿಸಬೇಕು.

ನೆನಪಿನ ತೊಂದರೆಗೆ ಆಸ್ಪತ್ರೆಯಲ್ಲಿ ಮಾಡುವ ಪರೀಕ್ಷೆಗಳಲ್ಲೂ ಜೋಡಿಪದಗಳಿರುತ್ತವೆ. 1945ರ ವೆಕ್ಸ್‌ಲರ್ ಪರೀಕ್ಷೆಯಲ್ಲಿ ಹತ್ತು ಜೋಡಿಗಳಿದ್ದವು, ಆರು ಸುಲಭ, ನಾಲ್ಕು ಕಠಿಣ. ಮೂರು ಸಲ ಓದಿ ಹೇಳಿ ಮೂರು ಸಲ ಕೇಳುತ್ತಿದ್ದರು. ಉತ್ತರ–ದಕ್ಷಿಣದಂಥ ಸುಲಭ ಜೋಡಿಗಳು ಭಾಷೆಯಲ್ಲಿ ಮೊದಲೇ ಕಟ್ಟಿಕೊಂಡಿರುತ್ತವೆ, ಕಠಿಣದವನ್ನು ಅಲ್ಲೇ ಹೊಸದಾಗಿ ಕಟ್ಟಬೇಕು. ನೆನಪು ಕುಂದುತ್ತಿದ್ದರೆ ಮೊದಲು ಹೊಡೆತ ಬೀಳುವುದು ಕಠಿಣದವಕ್ಕೆ. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕನ್ನಡದ ಅಜ್ಜನಿಗೆ ಮಲಯಾಳಂ ಪದಗಳಲ್ಲಿ ಪರೀಕ್ಷೆ ಮಾಡಿದರೆ ಅವರ ಪಾಲಿಗೆ ಸುಲಭ ಜೋಡಿಗಳೇ ಇರುವುದಿಲ್ಲ, ಹತ್ತೂ ಕಠಿಣವಾಗುತ್ತವೆ. ಕಣ್ಣೂರಿಗೋ ಮಂಗಳೂರಿಗೋ ಕರೆದುಕೊಂಡು ಹೋಗುವಾಗ, ಚಿಕ್ಕಂದಿನಿಂದ ಮನೆಯಲ್ಲಿ ಆಡಿದ ಭಾಷೆ ಯಾವುದು ಮತ್ತು ಎಷ್ಟನೆಯ ತರಗತಿಯ ತನಕ ಯಾವ ಮಾಧ್ಯಮದಲ್ಲಿ ಓದಿದವರು ಎಂಬೆರಡನ್ನು ಪರೀಕ್ಷೆ ಶುರುವಾಗುವ ಮೊದಲೇ ಡಾಕ್ಟರಿಗೆ ಹೇಳಿ ಚೀಟಿಯಲ್ಲಿ ಬರೆಸಿಕೊಳ್ಳಬೇಕು.